ದಾರಿಗಿಂತ ವಾರ ಮುಖ್ಯ

ಪ್ರಶ್ನೆ: ನಮ್ಮ ತಾಲ್ಲೂಕಿನ ಹಳ್ಳಿಗಳಿಗೆ ವ್ಯಾನಿನಲ್ಲಿ ಪುಸ್ತಕ ಒಯ್ಯುವ ಸಂಚಾರಿ ಗ್ರಂಥಾಲಯ ಶುರುಮಾಡಲು ಕೆಲವರು ಸೇರಿದ್ದೇವೆ. ಡೀಸೆಲ್ ಖರ್ಚು ತಗ್ಗಬೇಕು, ಹೆಚ್ಚು ಊರುಗಳನ್ನೂ ಮುಟ್ಟಬೇಕು. ದಾರಿಯನ್ನೂ ವೇಳಾಪಟ್ಟಿಯನ್ನೂ ಹೇಗೆ ಗೊತ್ತುಮಾಡುವುದು?

ಉತ್ತರ: ಮೊದಲು ಕಿಲೋಮೀಟರನ್ನು ಬದಿಗಿಟ್ಟು ಹೊತ್ತನ್ನು ಲೆಕ್ಕ ಹಾಕಿ. ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ 480 ನಿಮಿಷ. ಪುಸ್ತಕ ಜೋಡಿಸಲು, ಹಿಂದಿರುಗಿದ್ದನ್ನು ದಾಖಲಿಸಲು 60, ಊಟಕ್ಕೆ 45, ಹಳ್ಳಿರಸ್ತೆಯಲ್ಲಿ ಗಂಟೆಗೆ 30ರ ವೇಗದಲ್ಲಿ 60 ಕಿ.ಮೀ. ಸುತ್ತಲು 120. ಇಷ್ಟು ಕಳೆದರೆ ಉಳಿಯುವುದು 255 ನಿಮಿಷ. ಊರಿಗೊಂದು ಗಂಟೆಯಂತೆ ದಿನಕ್ಕೆ ನಾಲ್ಕೇ ಊರು. ಐದನೆಯದನ್ನು ತುರುಕಿದರೆ ಎಲ್ಲ ಕಡೆಯೂ ಓದುಗರನ್ನು ಅವಸರಪಡಿಸಬೇಕಾಗುತ್ತದೆ. ಎರಡು ವಾರಕ್ಕೊಂದು ಸುತ್ತು ಎಂದಾದರೆ ಹತ್ತು ದಿನ ಸಿಗುತ್ತದೆ. ಒಂದನ್ನು ರಿಪೇರಿಗೆ, ತಪ್ಪಿಹೋದ ಊರಿಗೆ ಮೀಸಲಿಟ್ಟರೂ 36 ಊರು ಮುಟ್ಟಬಹುದು.

ಯಾವ ಊರಿನ ಜೊತೆ ಯಾವುದನ್ನು ಸೇರಿಸಬೇಕು? ಕ್ಲಾರ್ಕ್ ಮತ್ತು ರೈಟ್ ಎಂಬಿಬ್ಬರು 1964ರಲ್ಲಿ ಪ್ರಕಟಿಸಿದ ಉಳಿತಾಯದ ಲೆಕ್ಕ ಇಂದಿಗೂ ಕೆಲಸಕ್ಕೆ ಬರುತ್ತದೆ. ನಿಮ್ಮ ಕೇಂದ್ರದಿಂದ ಒಂದೂರು 18 ಕಿ.ಮೀ., ಇನ್ನೊಂದು 20, ಅವೆರಡರ ನಡುವೆ 4 ಎನ್ನಿ. ಬೇರೆಬೇರೆಯಾಗಿ ಹೋಗಿಬಂದರೆ 76 ಕಿ.ಮೀ., ಒಂದೇ ಸುತ್ತಿನಲ್ಲಾದರೆ 42. ಉಳಿತಾಯ 34. ಹೀಗೆ ಪ್ರತಿ ಜೋಡಿಗೂ ಲೆಕ್ಕ ಮಾಡಿ, ಹೆಚ್ಚು ಉಳಿಸುವ ಜೋಡಿಯಿಂದ ಶುರುಮಾಡಿ ನಾಲ್ಕೂರಿನ ಗುಂಪು ಕಟ್ಟಿ. ಎಂಟು ಊರನ್ನು ಸುತ್ತಿಬರಲು 20,160 ಬಗೆಗಳಿವೆ, ನಾಲ್ಕಕ್ಕಾದರೆ ಹನ್ನೆರಡೇ. ಕಾಗದ ಪೆನ್ನು ಸಾಕು. ಆದರೆ ಹಳ್ಳದ ಸೇತುವೆ ಮುಳುಗುವ ದಾರಿಯಿದ್ದರೆ ಮಳೆಗಾಲಕ್ಕೆ ಬೇರೆಯದೇ ಪಟ್ಟಿ ಬೇಕು.

ನಕ್ಷೆಗೆ ಗೊತ್ತಿಲ್ಲದ್ದು ಊರಿನ ದಿನಚರಿ. ಸಂತೆಯ ದಿನ ಸುತ್ತಲ ಹಳ್ಳಿಗಳಲ್ಲಿ ಜನ ಸಿಗುವುದಿಲ್ಲ. ಅಂದು ವ್ಯಾನು ಸಂತೆಯೂರಲ್ಲೇ ನಿಲ್ಲಲಿ. ಹಗಲು ಹೊಲದಲ್ಲಿರುವವರು ಸಂಜೆ ಹಾಲಿನ ಡೇರಿಗೆ ಬರುವ ಊರುಗಳಿದ್ದರೆ ಅವನ್ನು ಒಂದೇ ದಿನಕ್ಕೆ ಕೂಡಿಸಿ, ಆ ದಿನದ ಕೆಲಸವನ್ನೇ ತಡವಾಗಿ ಶುರುಮಾಡಿ. ಶಾಲೆಯ ಬಳಿ ನಿಲ್ಲುವುದಾದರೆ ಬಿಡುವಿನ ವೇಳೆ ಕೇಳಿಕೊಳ್ಳಿ. ಇದಕ್ಕಾಗಿ ಹತ್ತು ಕಿ.ಮೀ. ಹೆಚ್ಚು ಓಡಿದರೂ ಆ ಡೀಸೆಲ್ ವ್ಯರ್ಥವಲ್ಲ; ಓದುಗರಿಲ್ಲದ ಹೊತ್ತಿಗೆ ಹತ್ತಿರದ ದಾರಿಯಲ್ಲಿ ತಲುಪುವುದೇ ವ್ಯರ್ಥ.

ಗೊತ್ತಾದ ವಾರವನ್ನು ಬದಲಿಸಬೇಡಿ. ಹದಿನೈದು ದಿನಕ್ಕೊಮ್ಮೆ ಎಂದರೆ ಪ್ರತಿ ಸಲವೂ ವಾರ ಜಾರುತ್ತದೆ. ಹದಿನಾಲ್ಕು ದಿನವಾದರೆ ಮಂಗಳವಾರ ಮಂಗಳವಾರವಾಗಿಯೇ ಉಳಿಯುತ್ತದೆ. ಪುಸ್ತಕ ಮರಳಿಸುವ ಗಡುವೂ ಹದಿನಾಲ್ಕೇ ಇರಲಿ. ವ್ಯಾನು ಬರಲಾಗದಿದ್ದರೆ ಮುಂಚೆಯೇ ಪಂಚಾಯಿತಿಗೋ ಶಾಲೆಗೋ ಫೋನ್ ಮಾಡಿ. ಎರಡು ಸಲ ಸುಮ್ಮನೆ ಕಾದವರು ಮೂರನೆಯ ಸಲ ಬರುವುದು ಕಷ್ಟ.

1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನಗಾಡಿಯ ಗ್ರಂಥಾಲಯ ಹಳ್ಳಿಗಳತ್ತ ಹೊರಟಿತು. ಅದೇ ವರ್ಷ ಪ್ರಕಟವಾದ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳಲ್ಲಿ ಎಸ್. ಆರ್. ರಂಗನಾಥನ್ ನಾಲ್ಕನೆಯದಾಗಿ ಹೇಳಿದ್ದು ಓದುಗರ ಸಮಯ ಉಳಿಸಬೇಕೆಂದು. ನೀವು ಉಳಿಸಬೇಕಾದದ್ದರಲ್ಲಿ ಡೀಸೆಲ್ ಎರಡನೆಯದು. ಮೂರು ತಿಂಗಳು ಪ್ರತಿ ಊರಿನಲ್ಲೂ ಎಷ್ಟು ಜನ ಬಂದರು, ಎಷ್ಟು ಪುಸ್ತಕ ಹೋದವು ಎಂದು ಬರೆದಿಡಿ. ಜನ ಕಡಿಮೆಯಾದ ಊರನ್ನು ಕೈಬಿಡುವ ಮೊದಲು ಅಲ್ಲಿ ನಿಲ್ಲುವ ಹೊತ್ತನ್ನು ಬದಲಿಸಿ ನೋಡಿ.