ಚೈನ್ ಇಲ್ಲದ ಗಾಡಿಗೂ ಎಣ್ಣೆ ಬೇಕು



ತದಡಿ, ಕಾಸರಕೋಡು, ಮಾವಿನಕುರ್ವೆ ಬಂದರುಗಳಿಂದ ಮೀನು ತಂದು ಮಾರಲಿಕ್ಕೆ, ಮಲ್ಲಿಗೆಯನ್ನು ಪೇಟೆಗೆ ಮುಟ್ಟಿಸಲಿಕ್ಕೆ ಸ್ಕೂಟರ್ ಇದ್ದರೆ ಎಷ್ಟು ಅನುಕೂಲ! ಅದಕ್ಕಾಗಿ ಸಾಲ ತೆಗೆದವರೂ ಇದ್ದಾರೆ. ಆದರೆ ಗಾಡಿ ನಿಂತರೆ ಆ ದಿನದ ಸಂಪಾದನೆ ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ. ಆದ್ದರಿಂದ ಗಾಡಿಯ ಆರೈಕೆಯನ್ನು ನಾವೇ ತಿಳಿದುಕೊಳ್ಳೋಣ.

ಚಕ್ರ ತಿರುಗುವುದು ಹೇಗೆ?

ಬೈಕಿನ ಚೈನ್ ಹೊರಗೇ ಕಾಣ್ತದೆ. ಒಣಗಿದರೆ ಸದ್ದು ಮಾಡ್ತದೆ, ಆಗ ಎಣ್ಣೆಯ ನೆನಪಾಗ್ತದೆ. ಕೆಲವು ದೊಡ್ಡ ಬೈಕುಗಳಲ್ಲಿ ಚೈನ್ ಬದಲು ತಿರುಗುವ ಉಕ್ಕಿನ ದಂಡ, ಅಂದರೆ ಶಾಫ್ಟ್ ಇರುತ್ತದೆ. ಜರ್ಮನಿಯ ಬಿಎಂಡಬ್ಲ್ಯು ಕಂಪನಿ 1923ರಲ್ಲಿ ತಂದ ತನ್ನ ಮೊದಲ ಬೈಕಿಗೇ ಶಾಫ್ಟ್ ಇಟ್ಟಿತ್ತು. ನಮ್ಮ ಗೇರಿಲ್ಲದ ಪೆಟ್ರೋಲ್ ಸ್ಕೂಟರಿನಲ್ಲಿ ಶಾಫ್ಟ್ ಬದಲು ರಬ್ಬರ್ ಬೆಲ್ಟ್ ಇದೆ. ಆದರೆ ಎರಡರಲ್ಲೂ ಹಿಂದಿನ ಚಕ್ರದ ಹತ್ತಿರ ಮುಚ್ಚಿದ ಒಂದು ಗೇರು ಪೆಟ್ಟಿಗೆ ಇದೆ. ಅದರ ಹಲ್ಲುಗಳು ಎಣ್ಣೆಯಲ್ಲೇ ತಿರುಗಬೇಕು.

ಮುಚ್ಚಿದ್ದರಿಂದ ಧೂಳು, ಉಪ್ಪು ಬೇಗ ತಾಗುವುದಿಲ್ಲ. ಇದು ಲಾಭ. ಕಣ್ಣಿಗೆ ಕಾಣದ್ದರಿಂದ ನಾವು ಮರೆತೇ ಬಿಡುತ್ತೇವೆ. ಇದು ನಷ್ಟ.

ನೆನಪಿಡಬೇಕಾದ ಅಂಶಗಳು

1. ಎಂಜಿನ್ ಆಯಿಲ್ ಬೇರೆ, ಗೇರ್ ಆಯಿಲ್ ಬೇರೆ. ಗ್ಯಾರೇಜಿನಲ್ಲಿ "ಆಯಿಲ್ ಬದಲಿಸಿದೆ" ಎಂದರೆ "ಹಿಂದಿನ ಗೇರ್ ಆಯಿಲೂ ಬದಲಿಸಿದಿರಾ?" ಎಂದು ಕೇಳಿ. ಕೇಳಲಿಕ್ಕೆ ನಾಚಿಕೆ ಬೇಡ. ಬೇಕಾಗುವುದು ಸಣ್ಣ ಲೋಟದಷ್ಟು ಎಣ್ಣೆ ಮಾತ್ರ. ಯಾವ ಎಣ್ಣೆ, ಎಷ್ಟು, ಎಷ್ಟು ಕಿಲೋಮೀಟರಿಗೆ ಎಂಬುದು ಗಾಡಿಯ ಪುಸ್ತಕದಲ್ಲಿ ಇದೆ. ಬೆಲ್ಟ್ ಯಾವಾಗ ಬದಲಿಸಬೇಕು ಎಂಬುದೂ ಅಲ್ಲೇ ಇದೆ.

2. ತೆಗೆದ ಎಣ್ಣೆಯನ್ನು ನೋಡಿ. ಹಾಲು ಬೆರೆಸಿದ ಚಾ ಹಾಗೆ ಕಂಡರೆ ಒಳಗೆ ನೀರು ಹೋಗಿದೆ. ಲೋಹದ ಚೂರು ಸಿಕ್ಕಿದರೆ ಗೇರಿನ ಹಲ್ಲು ಸವೆದಿದೆ.

3. ಮಳೆಗಾಲದಲ್ಲಿ ಹಿಂದಿನ ಚಕ್ರ ಮುಳುಗುವಷ್ಟು ನೀರಿನಲ್ಲಿ ಗಾಡಿ ನಿಂತಿದ್ದರೆ ಸ್ಟಾರ್ಟ್ ಮಾಡಬೇಡಿ. ಮೊದಲು ಮೆಕ್ಯಾನಿಕ್‌ಗೆ ತೋರಿಸಿ.

4. ಹಿಂದಿನ ಚಕ್ರದ ಒಳಬದಿಗೆ ಎಣ್ಣೆ ಮೆತ್ತಿದೆಯಾ ಎಂದು ವಾರಕ್ಕೊಮ್ಮೆ ನೋಡಿ. ಸೀಲ್ ಹಾಳಾದರೆ ಎಣ್ಣೆ ಸೋರಿ ಬ್ರೇಕಿಗೆ ಇಳಿಯುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಲಾರಿ, ಬಸ್ಸು ಓಡುವ ಹೆದ್ದಾರಿ 66ರಲ್ಲಿ ಇದು ಪ್ರಾಣದ ಪ್ರಶ್ನೆ. ಹಿಂದಿನಿಂದ "ಗುಂಯ್" ಎಂಬ ಹೊಸ ಸದ್ದು ಬಂದರೂ ತಡಮಾಡಬೇಡಿ.

5. ಮೀನಿನ ಪೆಟ್ಟಿಗೆಯಿಂದ ಇಳಿಯುವ ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ. ಪೆಟ್ಟಿಗೆಯ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಕಿ. ಮನೆಗೆ ಬಂದ ಕೂಡಲೇ ಸಿಹಿನೀರು ಹೊಯ್ದು ತೊಳೆದು ಒರೆಸಿ. ಪಂಪಿನ ಜೋರು ನೀರನ್ನು ಚಕ್ರದ ನಡುವಿಗೆ ಹಿಡಿಯಬೇಡಿ, ಸೀಲಿನ ಒಳಗೆ ನುಗ್ಗುತ್ತದೆ.

ಉಳಿತಾಯಕ್ಕೆ ಪಾಸ್‌ಬುಕ್ ಇದ್ದ ಹಾಗೆ ಗಾಡಿಗೂ ಒಂದು ಸಣ್ಣ ಪುಸ್ತಕ ಇಡಿ. ತಾರೀಕು, ಕಿಲೋಮೀಟರ್, ಮಾಡಿಸಿದ ಕೆಲಸ, ಕೊಟ್ಟ ಹಣ ಬರೆಯಿರಿ. ಒಂದು ಬಾಟ್ಲಿ ಎಣ್ಣೆಯ ಖರ್ಚು ಸಣ್ಣದು. ಗೇರು ಪೆಟ್ಟಿಗೆ ಬಿಚ್ಚುವ ಖರ್ಚು ಹಲವು ವಾರದ ಉಳಿತಾಯವನ್ನೇ ನುಂಗೀತು.

ಸಭೆಯಲ್ಲಿ ಚರ್ಚಿಸಿರಿ

* ನಮ್ಮ ಸಂಘದಲ್ಲಿ ಎಷ್ಟು ಜನರ ಹತ್ತಿರ ಸ್ಕೂಟರ್ ಇದೆ? ಗೇರ್ ಆಯಿಲ್ ಕೊನೆಗೆ ಬದಲಿಸಿದ್ದು ಯಾವಾಗ?
* ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲೇ, ಎಲ್ಲರ ಗಾಡಿಯನ್ನೂ ಒಟ್ಟಿಗೆ ತಪಾಸಣೆ ಮಾಡಿಸಬಹುದೇ?
* ಗಾಡಿಗೆ ಸಾಲ ಕೊಡುವಾಗ ರಿಪೇರಿಗೆಂದು ತಿಂಗಳಿಗೆ ಇಷ್ಟು ಎಂದು ಎತ್ತಿಡುವ ನಿಯಮ ಮಾಡೋಣವೇ?