ದುಭಾಷಿಯ ಶುಲ್ಕ ಯಾರು ಕೊಡಬೇಕು?

(ಲಂಬಾಣಿ ಮಕ್ಕಳ ಸಾಕ್ಷ್ಯದ ವೇಳೆ ಪೋಕ್ಸೊ ಕೋರ್ಟಿಗೆ ದುಭಾಷಿಯಾಗಿ ಹೋಗುವ ವಿಜಯಪುರ ಜಿಲ್ಲೆಯ ಓದುಗರೊಬ್ಬರಿಗೆ ಬಸ್ ಚಾರ್ಜು ಬಿಟ್ಟರೆ ಏನೂ ಸಿಕ್ಕಿಲ್ಲ.)

ಮೇಡಂ, 2020ರ ಪೋಕ್ಸೊ ನಿಯಮಗಳಂತೆ ನಿಮ್ಮ ಶುಲ್ಕ ನುರಿತ ಕಾರ್ಮಿಕರ ಕನಿಷ್ಠ ವೇತನಕ್ಕಿಂತ ಕಡಿಮೆ ಇರುವಂತಿಲ್ಲ. ಕೋರ್ಟ್ ಗುಮಾಸ್ತರನ್ನು ಕಾಡಿ ಫಲವಿಲ್ಲ. ದುಭಾಷಿಗಳ ಪಟ್ಟಿ ಇಡುವುದೂ ಶುಲ್ಕ ಕೊಡುವುದೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಅಲ್ಲಿ ನಿಮ್ಮ ಹೆಸರಿದೆಯೇ ನೋಡಿ, ಇಲ್ಲದಿದ್ದರೆ ಮೊದಲು ಸೇರಿಸಿ. ಪ್ರತಿ ವಾಯಿದೆಗೂ ಬಂದ, ಹೋದ ಹೊತ್ತು ನಮೂದಿಸಿದ ಹಾಜರಾತಿ ಪತ್ರವನ್ನು ಕೋರ್ಟಿನಿಂದ ಕೇಳಿ ಪಡೆಯಿರಿ. ಕೇಸು ಮುಂದೂಡಿದ ದಿನದ್ದೂ ಬೇಕು, ಬಹಳ ಜನ ಬಿಡುವುದು ಅದನ್ನೇ. ಕರೆಪತ್ರ, ಟಿಕೆಟ್, ಪಾಸ್‌ಬುಕ್ ಪ್ರತಿ ಲಗತ್ತಿಸಿ ಘಟಕಕ್ಕೆ ಬಿಲ್ಲು ಕೊಟ್ಟು, ನಿಮ್ಮ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಿಲ್ಲಿನಲ್ಲಿ ಮಗುವಿನ ಹೆಸರು ಬೇಡ, ಕೇಸಿನ ನಂಬರು ಸಾಕು. ತಿಂಗಳಾದರೂ ಉತ್ತರ ಬಾರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರ ನೆರವು ಉಚಿತ.