ಡೇಸಿಯಾ: ಕಂಬದ ಮೇಲಿನ ಕಥೆ, ಗಣಿಯೊಳಗಿನ ಕಥೆ

ರೋಮನ್ ಸಾಮ್ರಾಜ್ಯ ಎಂದರೆ ನಮಗೆಲ್ಲ ಸೀಜರ್, ಅಗಸ್ಟಸ್, ನೀರೋ ಇಷ್ಟೇ. ಪರೀಕ್ಷೆಗೆ ಅಷ್ಟು ಸಾಕು ಅನ್ನಿ. ಆದರೆ ಸಾಮ್ರಾಜ್ಯವೊಂದು ನಿಜವಾಗಿ ಹೇಗೆ ನಡೆಯುತ್ತಿತ್ತು ಎಂದು ತಿಳಿಯಬೇಕಾದರೆ ರಾಜಧಾನಿಯನ್ನು ಬಿಟ್ಟು ಗಡಿಗೆ ಹೋಗಬೇಕು. ಅದಕ್ಕೆ ಡೇಸಿಯಾದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಡ್ಯಾನ್ಯೂಬ್ ನದಿಯ ಉತ್ತರಕ್ಕೆ, ಕಾರ್ಪೇಥಿಯನ್ ಬೆಟ್ಟಗಳ ನಡುವೆ ಇದ್ದ ನಾಡು ಅದು, ಈಗಿನ ರುಮೇನಿಯಾದಲ್ಲಿದೆ. ರೋಮನ್ನರು ಅದನ್ನು ಗೆದ್ದದ್ದು ಕ್ರಿ.ಶ. 106ರಲ್ಲಿ, ಬಿಟ್ಟು ಹೋದದ್ದು 271ರ ಸುಮಾರಿಗೆ.

ಗೆಲುವಿನ ಕಥೆಯನ್ನು ಬೇಗ ಮುಗಿಸುತ್ತೇನೆ. ಡೇಸಿಯನ್ನರ ದೊರೆ ಡೆಸೆಬಾಲಸ್ ಸಾಮಾನ್ಯನಲ್ಲ. ಚಕ್ರವರ್ತಿ ಡೊಮಿಷಿಯನ್‌ನ ಕಾಲದಲ್ಲಿ ಒಬ್ಬ ರೋಮನ್ ಸೇನಾಪತಿ ಸೈನ್ಯಸಮೇತ ಅಲ್ಲಿ ನಾಶವಾದ. 89ರ ಒಪ್ಪಂದದ ಪ್ರಕಾರ ರೋಮ್ ಡೆಸೆಬಾಲಸ್‌ನಿಗೆ ಹಣವನ್ನೂ ಕುಶಲ ಕೆಲಸಗಾರರನ್ನೂ ಕೊಟ್ಟಿತು. ಅಂದರೆ ಶತ್ರುವಿನ ಕೋಟೆ ಕಟ್ಟಲು ತಾನೇ ಮೇಸ್ತ್ರಿಗಳನ್ನು ಕಳಿಸಿದ ಹಾಗಾಯಿತು! ಈ ಅವಮಾನ, ಜೊತೆಗೆ ಬೆಟ್ಟಗಳಲ್ಲಿದ್ದ ಬಂಗಾರ, ಎರಡೂ ಸೇರಿ ಟ್ರಾಜನ್ ಚಕ್ರವರ್ತಿಯನ್ನು ಎಳೆದವು. 101-102ರಲ್ಲಿ ಒಂದು ಯುದ್ಧ, 105-106ರಲ್ಲಿ ಇನ್ನೊಂದು. ನಡುವಿನ ಬಿಡುವಿನಲ್ಲಿ ದಮಾಸ್ಕಸ್‌ನ ಅಪೊಲೊಡೋರಸ್ ಎಂಬ ಶಿಲ್ಪಿ ಡ್ಯಾನ್ಯೂಬಿಗೆ ಸೇತುವೆ ಕಟ್ಟಿದ. ಇಪ್ಪತ್ತು ಕಲ್ಲಿನ ಕಂಬ, ಮೇಲೆ ಮರದ ಕಮಾನು, ಉದ್ದ ಒಂದು ಕಿಲೋಮೀಟರಿಗೂ ಹೆಚ್ಚು. ರಾಜಧಾನಿ ಸಾರ್ಮಿಜೆಗೆಟುಸಾ ಬಿತ್ತು. ಡೆಸೆಬಾಲಸ್ ಸೆರೆ ಸಿಕ್ಕದೆ ತನ್ನ ಪ್ರಾಣ ತಾನೇ ತೆಗೆದುಕೊಂಡ. ಅವನ ತಲೆಯನ್ನು ಟ್ರಾಜನ್‌ನಿಗೆ ಒಪ್ಪಿಸಿದ ಕುದುರೆ ಸವಾರನ ಗೋರಿಕಲ್ಲು 1965ರಲ್ಲಿ ಗ್ರೀಸಿನಲ್ಲಿ ಸಿಕ್ಕಿತು. ನಮ್ಮ ವೀರಗಲ್ಲಿನಂತೆಯೇ ಅದರ ಮೇಲೆ ಆ ಪ್ರಸಂಗ ಕೆತ್ತಿದೆ. ತಮಾಷೆಯೆಂದರೆ, ಪುಣ್ಯಾತ್ಮ ಆ ಕಲ್ಲನ್ನು ತಾನು ಬದುಕಿದ್ದಾಗಲೇ ಮಾಡಿಸಿಟ್ಟುಕೊಂಡಿದ್ದ.

ರೋಮ್ ನಗರದಲ್ಲಿ 113ರಲ್ಲಿ ನಿಲ್ಲಿಸಿದ ಟ್ರಾಜನ್ ಕಂಬ ಇಂದಿಗೂ ಇದೆ. ಮೂವತ್ತು ಮೀಟರ್ ಎತ್ತರ. ಸುತ್ತಿ ಸುತ್ತಿ ಮೇಲೇರುವ ಪಟ್ಟಿಯಲ್ಲಿ ಎರಡು ಸಾವಿರದ ಐನೂರಕ್ಕೂ ಹೆಚ್ಚು ಆಕೃತಿಗಳು. ಟ್ರಾಜನ್ ಒಬ್ಬನೇ ಐವತ್ತಕ್ಕೂ ಹೆಚ್ಚು ಸಲ ಕಾಣಿಸಿಕೊಳ್ಳುತ್ತಾನೆ. ಈ ಯುದ್ಧದ ಬಗ್ಗೆ ಅವನು ಒಂದು ಪುಸ್ತಕವನ್ನೂ ಬರೆದಿದ್ದ. ಅದರಲ್ಲಿ ಈಗ ಉಳಿದಿರುವುದು ಐದೇ ಐದು ಶಬ್ದ! ಅದೂ ಒಬ್ಬ ವ್ಯಾಕರಣಕಾರ ಉದಾಹರಣೆಗೆಂದು ಎತ್ತಿಕೊಂಡಿದ್ದರಿಂದ ಉಳಿಯಿತು. ಚಕ್ರವರ್ತಿಯ ಮಾತನ್ನು ವ್ಯಾಕರಣದ ಮೇಷ್ಟ್ರು ಕಾಪಾಡಿದರು ಎಂದರೆ ನಮ್ಮ ವ್ಯಾಕರಣದ ತರಗತಿಗೆ ಚಕ್ಕರ್ ಹಾಕುವವರು ಸ್ವಲ್ಪ ಯೋಚಿಸಬಹುದು.

ಇನ್ನು ಗೆದ್ದ ಮೇಲಿನ ಕಥೆ. ನನಗೆ ಮುಖ್ಯವಾಗಿ ಹೇಳಬೇಕಾಗಿರುವುದು ಇದೇ. ಹಳೆಯ ರಾಜಧಾನಿಯಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದಲ್ಲಿ ಹೊಸ ಪಟ್ಟಣ ಕಟ್ಟಿಸಿದರು. 108ರ ಹೊತ್ತಿಗಾಗಲೇ ಪೊಟೈಸಾದಿಂದ ನಪೋಕಾಕ್ಕೆ ರಸ್ತೆ ಆಗಿತ್ತು. ಅದರ ಮೈಲಿಗಲ್ಲು ಸಿಕ್ಕಿದೆ, ರಸ್ತೆ ಹಾಕಿದ್ದು ಸ್ಪೇನಿನ ಹೆಸರಿನ ಒಂದು ಪಡೆ. ಯುದ್ಧದಲ್ಲಿ ಗಂಡಸರು ಬರಿದಾಗಿದ್ದ ನಾಡಿಗೆ ಟ್ರಾಜನ್ ಇಡೀ ರೋಮನ್ ಜಗತ್ತಿನಿಂದ ಲೆಕ್ಕವಿಲ್ಲದಷ್ಟು ಜನರನ್ನು ತಂದು ತುಂಬಿಸಿದನೆಂದು ಯುಟ್ರೋಪಿಯಸ್ ಎಂಬ ಇತಿಹಾಸಕಾರ ಬರೆಯುತ್ತಾನೆ. ಮುಂದೆ ಹೇಡ್ರಿಯನ್ ಚಕ್ರವರ್ತಿ ಈ ನಾಡನ್ನೇ ಬಿಟ್ಟುಬಿಡೋಣ ಅಂತ ಯೋಚಿಸಿದನಂತೆ. ಅಷ್ಟೊಂದು ರೋಮನ್ ಪ್ರಜೆಗಳನ್ನು ಪರರ ಕೈಗೆ ಒಪ್ಪಿಸುವುದು ಸರಿಯಲ್ಲವೆಂದು ಗೆಳೆಯರು ತಡೆದರಂತೆ. ಅವನು ಸೇತುವೆಯ ಮೇಲ್ಭಾಗವನ್ನು ಕೀಳಿಸಿದ, ನಾಡನ್ನು ಮೂರು ಪಾಲು ಮಾಡಿದ, ಆದರೆ ಬಿಡಲಿಲ್ಲ.

ಹಾಗೆ ಬಂದ ಜನ ಯಾರು? ಕಂಬದ ಮೇಲೆ ಅವರಿಲ್ಲ. ಅವರು ಸಿಕ್ಕಿದ್ದು ಬಂಗಾರದ ಗಣಿಯಲ್ಲಿ. ಆಲ್ಬರ್ನಸ್ ಮೇಯರ್ ಎಂಬ ಗಣಿಯೂರಿನಲ್ಲಿ (ಈಗಿನ ಹೆಸರು ರೋಷಿಯಾ ಮೊಂಟಾನಾ, 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು) ಹಳೆಯ ಸುರಂಗಗಳೊಳಗೆ ಮೇಣ ಸವರಿದ ಮರದ ಹಲಗೆಗಳು ದೊರೆತವು. ಹದಿನೆಂಟು-ಹತ್ತೊಂಬತ್ತನೆಯ ಶತಮಾನಗಳಲ್ಲಿ ಸಿಕ್ಕ ಇವು 131ರಿಂದ 167ರವರೆಗಿನ ಕರಾರುಪತ್ರಗಳು, ಲೆಕ್ಕಪತ್ರಗಳು. ಗಣಿ ಕೆಲಸ ಬಲ್ಲ ಇಲಿರಿಯನ್ನರು ಆಡ್ರಿಯಾಟಿಕ್ ಕಡೆಯಿಂದ ಬಂದು ಅಲ್ಲಿ ಕೇರಿ ಕಟ್ಟಿಕೊಂಡಿದ್ದರು. ಗ್ರೀಕ್ ಹೆಸರಿನವರೂ ಇದ್ದರು.

164ರ ಮೇ 20ರ ಒಂದು ಕರಾರು ನೋಡಿ. ಮೆಮ್ಮಿಯಸ್ ಎಂಬ ಕೂಲಿಕಾರ ನವೆಂಬರ್ 13ರ ತನಕ ಗಣಿಯಲ್ಲಿ ದುಡಿಯುತ್ತೇನೆಂದು ಒಪ್ಪಿಕೊಂಡಿದ್ದಾನೆ. ಕೂಲಿ ಎಪ್ಪತ್ತು ಡಿನೇರಿಯಸ್ ಮತ್ತು ಊಟ. (ಸಂಸ್ಕೃತದ 'ದೀನಾರ' ಈ ನಾಣ್ಯದ ಹೆಸರಿನಿಂದಲೇ ಬಂದದ್ದು.) ನಡುವೆ ಕೆಲಸ ತಪ್ಪಿಸಿದರೆ ದಿನಕ್ಕೆ ಐದು ಸೆಸ್ಟರ್ಸ್ ದಂಡ. ನಾಲ್ಕು ಸೆಸ್ಟರ್ಸ್‌ಗೆ ಒಂದು ಡಿನೇರಿಯಸ್. ನಾನು ಕೂತು ಲೆಕ್ಕ ಹಾಕಿದೆ: ಅವನ ದಿನಗೂಲಿ ಸುಮಾರು ಒಂದೂವರೆ ಸೆಸ್ಟರ್ಸ್, ದಂಡ ಅದರ ಮೂರು ಪಟ್ಟು! ಗಣಿಗೆ ನೀರು ನುಗ್ಗಿ ಕೆಲಸ ನಿಂತರೂ ಕೂಲಿ ಕಡಿತ. ನ್ಯಾಯಕ್ಕೆ ಇನ್ನೊಂದೂ ಹೇಳಬೇಕು: ಧಣಿ ಕೂಲಿ ಕೊಡಲು ತಡಮಾಡಿದರೆ ಮೂರು ದಿನದ ಮೇಲೆ ಅವನಿಗೂ ಅದೇ ದಂಡ. ಕರಾರನ್ನು ಬರೆದವನು ಬೇರೊಬ್ಬ, ಏಕೆಂದರೆ ಮೆಮ್ಮಿಯಸ್‌ಗೆ ಅಕ್ಷರ ಬಾರದು ಎಂದು ಅದರಲ್ಲೇ ಇದೆ.

ಇನ್ನೊಂದು ಹಲಗೆ 139ರದು. ಪಾಸಿಯಾ ಎಂಬ ಹುಡುಗಿಯನ್ನು 205 ಡಿನೇರಿಯಸ್‌ಗೆ ಮಾರಿದ ಪತ್ರ. ವಯಸ್ಸು ಹೆಚ್ಚುಕಡಿಮೆ ಆರು.

ಮೂರನೆಯದು ನಮ್ಮಂಥ ಸಂಘದವರು ಓದಲೇಬೇಕಾದದ್ದು. ಸತ್ತಾಗ ಮಣ್ಣು ಮಾಡುವ ಖರ್ಚಿಗೆಂದು ಈ ಪರಸ್ಥಳದ ಜನ ಚಂದಾ ಹಾಕಿ ಸಂಘ ಕಟ್ಟಿಕೊಂಡಿದ್ದರು. 167ರ ಫೆಬ್ರವರಿಯಲ್ಲಿ ಅದರ ಮುಖ್ಯಸ್ಥ ಅರ್ಟೆಮಿಡೋರಸ್ ಒಂದು ನೋಟೀಸು ಹಚ್ಚಿದ: ಐವತ್ನಾಲ್ಕು ಸದಸ್ಯರಲ್ಲಿ ಊರಿನಲ್ಲಿ ಉಳಿದವರು ಹದಿನೇಳು, ಜೊತೆಯ ಪದಾಧಿಕಾರಿ ಆಯ್ಕೆಯಾದಂದಿನಿಂದ ಇತ್ತ ತಲೆಯನ್ನೇ ಹಾಕಿಲ್ಲ, ಸಭೆಗೆ ಯಾರೂ ಬರುವುದಿಲ್ಲ, ಚಂದಾ ಕೊಡುವುದಿಲ್ಲ, ಪೆಟ್ಟಿಗೆಯಲ್ಲಿ ದುಡ್ಡಿಲ್ಲ, ಇನ್ನು ಮುಂದೆ ಸತ್ತವರು ಸಂಘವಿದೆಯೆಂದು ನಂಬಬಾರದು. ಹಾಜರಿ ಪುಸ್ತಕ ಹಿಡಿದು ಕಾಯುವ ನಮ್ಮ ಕಾರ್ಯದರ್ಶಿಗೆ ಇದನ್ನು ಓದಿ ಹೇಳಿದೆ, ಅವರು ನಗಲಿಲ್ಲ. ಆ ವರ್ಷಗಳಲ್ಲೇ ಗಡಿಯಾಚೆಯಿಂದ ದೊಡ್ಡ ದಾಳಿಗಳು ನಡೆದವು. ಹಲಗೆಗಳ ಸಾಲು 167ಕ್ಕೆ ನಿಂತುಹೋಗುತ್ತದೆ.

ಒಂದು ಗ್ರೀಕ್ ಹಲಗೆ ಬಿಟ್ಟರೆ ಇವೆಲ್ಲ ಲ್ಯಾಟಿನ್, ತಪ್ಪುತಪ್ಪಾದ ಲ್ಯಾಟಿನ್. ಅದು ಅಲ್ಲಿ ಬಹಳ ಜನರ ಮನೆಮಾತಲ್ಲ, ಬಜಾರಿನ ಮಾತು. ಮುಂಬಯಿಯ ಚಾಳಿನಲ್ಲಿ ನಾವೂ ಮಲಯಾಳಿಗಳೂ ಗುಜರಾತಿಗಳೂ ಆಡುವ ಹಿಂದಿಯ ಹಾಗೆ. ಬ್ರಿಟನ್ನನ್ನು ರೋಮ್ ಮುನ್ನೂರೈವತ್ತು ವರ್ಷಕ್ಕೂ ಮೇಲೆ ಆಳಿತು, ಅಲ್ಲಿ ಲ್ಯಾಟಿನ್ ನಿಲ್ಲಲಿಲ್ಲ. ಡೇಸಿಯಾವನ್ನು ಆಳಿದ್ದು ನೂರ ಅರವತ್ತೈದೇ ವರ್ಷ. ಅಲ್ಲಿ ಇವತ್ತು ಆಡುವ ರುಮೇನಿಯನ್ ಲ್ಯಾಟಿನ್ನಿನ ಮಗಳು. ಮುದುಕ ಎಂಬುದಕ್ಕೆ ಅವರ ಶಬ್ದ 'ಬತ್ರಿನ್'. ನಿವೃತ್ತ ಸಿಪಾಯಿ ಎಂಬ ಲ್ಯಾಟಿನ್ ಶಬ್ದದಿಂದ ಬಂದದ್ದು. ಆರೇಲಿಯನ್ ಚಕ್ರವರ್ತಿ ಸೈನ್ಯವನ್ನು ಹಿಂದಕ್ಕೆ ಕರೆಸಿದಾಗ ಬಡ ಜನ ಅಲ್ಲೇ ಉಳಿದರೆಂದು ರುಮೇನಿಯದ ವಿದ್ವಾಂಸರು, ಇಲ್ಲ, ಭಾಷೆ ನಂತರ ಡ್ಯಾನ್ಯೂಬಿನ ದಕ್ಷಿಣದಿಂದ ಬಂತೆಂದು ಹಂಗೇರಿಯ ಹಲವರು. ಟ್ರಾನ್ಸಿಲ್ವೇನಿಯಾ ಯಾರದು ಎಂಬ ಜಗಳವೂ ಇದರ ಹಿಂದೆ ಇರುವುದರಿಂದ ವಾದ ಮುಗಿಯುವ ಲಕ್ಷಣವಿಲ್ಲ. ಬಜಾರಿನ ಮಾತಾಗಿ ಬೇರುಬಿಟ್ಟ ಭಾಷೆಯನ್ನು ಅಷ್ಟು ಸುಲಭವಾಗಿ ಕೀಳಲಾಗದು ಎಂದು ನನಗಂತೂ ಅನಿಸುತ್ತದೆ.

ಹಾಗಾದರೆ ಮೂಲ ಡೇಸಿಯನ್ನರು? ಅವರ ಭಾಷೆಯಲ್ಲಿ ಉಳಿದಿರುವುದು ಊರುಗಳ, ಜನರ, ಕೆಲವು ಗಿಡಮೂಲಿಕೆಗಳ ಹೆಸರು ಅಷ್ಟೆ. ಸೋತ ನಾಡಿನ ಎಷ್ಟೋ ಹುಡುಗರನ್ನು ರೋಮನ್ ಪಡೆಗೆ ಸೇರಿಸಿ ದೂರ ಕಳಿಸಿದರು. ಡೇಸಿಯನ್ನರದೇ ಒಂದು ಪಡೆ ಬ್ರಿಟನ್ನಿನ ಉತ್ತರದಲ್ಲಿ, ಹೇಡ್ರಿಯನ್ ಗೋಡೆಯ ಬರ್ಡೋಸ್ವಾಲ್ಡ್ ಕೋಟೆಯಲ್ಲಿತ್ತು. ಅಲ್ಲಿಯ ಒಂದು ಶಾಸನದ ಪಕ್ಕದಲ್ಲಿ ಅವರ ನಾಡಿನ ಬಾಗಿದ ಕತ್ತಿ ಕೆತ್ತಿದೆ. ಅದೇ ಕೋಟೆಯಲ್ಲಿ ಒಂದು ಮಗುವಿನ ಗೋರಿಕಲ್ಲು ಸಿಕ್ಕಿದೆ. ಅದು ಬದುಕಿದ್ದನ್ನು ದಿನಗಳಲ್ಲಿ ಎಣಿಸಿದ್ದಾರೆ. ಬರಹ ಲ್ಯಾಟಿನ್ನಿನಲ್ಲಿದೆ, ಮಗುವಿನ ಹೆಸರು ಡೆಸೆಬಾಲಸ್.